ಹಣೆಯ ಮೇಲಿನ ಬಿಳಿ

ನಾನು ಕೊರೆದ ಅಚ್ಚುಚಿತ್ರಗಳಲ್ಲಿ ಜನ ಹೆಚ್ಚು ಮೆಚ್ಚಿಕೊಂಡದ್ದು ಒಂದೇ ಒಂದು. ಅದು ನಮ್ಮ ಮನೆಯ ಗೋಡೆಯ ಮೇಲಿಲ್ಲ. ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ಚಾದರವೊಂದರಲ್ಲಿ ಸುತ್ತಿಟ್ಟಿದ್ದೇನೆ. ಯಾರಾದರೂ ಕೇಳಿದರೆ ಪ್ರತಿಗಳು ಮುಗಿದಿವೆ ಎನ್ನುತ್ತೇನೆ. ಅದು ಸುಳ್ಳು. ಒಂಬತ್ತು ಉಳಿದಿವೆ, ಒಂದನ್ನೂ ಬಿಚ್ಚಿ ನೋಡುವ ಧೈರ್ಯ ನನಗಿಲ್ಲ.

ನಾನು ಮಿರಜದವಳು. ಸಾಂಗಲಿ ದಾರಿಯ ವಿಶ್ರಾಮಬಾಗದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಮರಾಠಿ. ಕನ್ನಡ ಎಂದರೆ ನನಗೆ ಅವ್ವನ ಜೊತೆ ಜಗಳಾಡುವ ಭಾಷೆ. ಅವ್ವ ಅಥಣಿ ಕಡೆಯವಳು, ಹಟ ಹಿಡಿದು ನನಗೆ ಕನ್ನಡ ಓದಲು ಬರೆಯಲು ಕಲಿಸಿದಳು. ಇಲ್ಲದಿದ್ದರೆ ಇದನ್ನು ಬರೆಯುವ ಪಾಡೂ ನನಗೆ ಬರುತ್ತಿರಲಿಲ್ಲ.

ಬೆಳಿಗ್ಗೆ ಸ್ಟೇಷನ್ನಿನ ಹತ್ತಿರ ಸಾಂಗಲಿಯ ಸಿಟಿ ಬಸ್ಸು ಹತ್ತುತ್ತೇನೆ. ಆ ಬಸ್ಸಿನಲ್ಲಿ ಎರಡೂ ಊರು ಸಿಗುತ್ತವೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ತೂಗುವ ನರ್ಸುಗಳು, ಎಕ್ಸ್‌ರೇ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ಹೆಸರು ಕೇಳುವ ಹಳ್ಳಿಯವರು, ಕಿವಿಗೆ ವೈರು ಸಿಕ್ಕಿಸಿಕೊಂಡ ಕಾಲೇಜು ಮಕ್ಕಳು. ಒಂದು ದಿನ ಒಬ್ಬ ಮುದುಕ ಬಟ್ಟೆ ಸುತ್ತಿದ ತಂಬೂರಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೆ ಟಿಕೀಟು ಬೇಕೋ ಬೇಡವೋ ಎಂದು ವಿಶ್ರಾಮಬಾಗ ಬರುವ ತನಕ ಕಂಡಕ್ಟರನ ಜೊತೆ ವಾದ ಹಾಕಿದ. ಇದನ್ನೆಲ್ಲ ಕೊರೆಯಬೇಕು ಎಂಬ ಹುಚ್ಚು ನನಗೆ ಹತ್ತಿದ್ದು ಈ ಬಸ್ಸಿನಲ್ಲಿಯೇ. ನಮ್ಮೂರಿನ ಆರು ಚಿತ್ರ ಮಾಡೋಣ, ಕಪ್ಪು ಬಿಳಿಯಲ್ಲಿ, ಬಣ್ಣವೇ ಬೇಡ ಎಂದುಕೊಂಡೆ.

ನಾನು ಸುತ್ತಿಟ್ಟ ಆ ಚಿತ್ರದಲ್ಲಿರುವವಳು ಸಿಕ್ಕಿದ್ದೂ ಆ ಬಸ್ಸಿನಲ್ಲಿಯೇ. ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಗೋದಾಮಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಕೊಂಬು ಆರಿಸುವುದು, ಜರಡಿ ಹಿಡಿಯುವುದು, ಚೀಲ ಹೊಲಿಯುವುದು. ವಿಜಯಪುರದ ಕಡೆಯಿಂದ ಬಂದು ರೈಲ್ವೆ ಹಳಿಯ ಆಚೆಯ ವಸ್ತಿಯಲ್ಲಿ ಅತ್ತೆಯೊಂದಿಗೆ ಇದ್ದಳು. ಒಂದು ದಿನ ನಾನು ಫೋನಿನಲ್ಲಿ ಅವ್ವನಿಗೆ ಕನ್ನಡದಲ್ಲಿ ಗದರಿಸುತ್ತಿದ್ದುದನ್ನು ಕೇಳಿಸಿಕೊಂಡು ಅವಳ ಮುಖ ಅರಳಿತು.

“ನಮ್ಮ ಮಾತ ಬರತೈತೇನ್ರಿ ನಿಮಗ, ಅಕ್ಕಾರ? ಬರ್ರಿ, ಇಲ್ಲಿ ಕುಂದರ್ರಿ.”

ಅಂದಿನಿಂದ ನನಗೆ ದಿನವೂ ಸೀಟು. ಅವಳು ಹೇಳುತ್ತಿದ್ದುದು ಹೆಚ್ಚಾಗಿ ಗಂಡನ ಮಾತು. ಗೋವಾ ಕಡೆ ಮನೆ ಕಟ್ಟುವ ಗವಂಡಿ ಕೆಲಸಕ್ಕೆ ಹೋದವನು ಮೊದಲು ಫೋನು ಮಾಡುತ್ತಿದ್ದ, ಆಮೇಲೆ ಫೋನು ಬಂದ್ ಆಯಿತು, ಆಮೇಲೆ ಜೊತೆಗೆ ಹೋದವರೂ ಅವನನ್ನು ನೋಡಿಲ್ಲ ಎಂದರು. ಮೂರು ವರ್ಷ ಆಗಿತ್ತು. ವಸ್ತಿಯ ಹೆಂಗಸರು ಬೆನ್ನ ಹಿಂದೆ ಏನೇನೋ ಆಡಿಕೊಳ್ಳುತ್ತಿದ್ದರು. “ಬರ್ತಾರ್ರಿ. ಸಿಟ್ಟ ಜಾಸ್ತಿ ಅವರಿಗಿ. ಇಳದ ಮ್ಯಾಲ ಬರ್ತಾರ” ಎನ್ನುತ್ತಿದ್ದಳು. ಅವಳ ಹಣೆಯ ಮೇಲೆ ತೊಗರಿಬೇಳೆಗಿಂತ ದೊಡ್ಡದಾದ ಕುಂಕುಮ. ಸಂಜೆ ಕೆಲಸ ಮುಗಿಸಿ ಬರುವಾಗ ಮುಖ, ರೆಪ್ಪೆ, ಕಿವಿಯ ಒಳಗೂ ಅರಿಶಿನದ ಧೂಳು. ಅದರ ನಡುವೆ ಆ ಕುಂಕುಮ ಒಂದು ಮಾತ್ರ ಎದ್ದು ಕಾಣುತ್ತಿತ್ತು.

ನನ್ನ ಹಣೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಕಾಲೇಜಿನಲ್ಲಿದ್ದಾಗಲೇ ಟಿಕಲಿ ಹಚ್ಚುವುದನ್ನು ಬಿಟ್ಟವಳು ನಾನು. ಮದುವೆಯಾಗಿಲ್ಲ. ಅವ್ವ ಒಂದಷ್ಟು ದಿನ ಕೂಗಾಡಿ ಸುಮ್ಮನಾದಳು. ಊರವರು ಏನೂ ಅನ್ನಲಿಲ್ಲ. ಚಿತ್ರದ ಟೀಚರು, ಸ್ವಲ್ಪ ತಿಕ್ಕಲು, ನಡೆಯುತ್ತದೆ ಎಂದು ಬಿಟ್ಟುಬಿಟ್ಟರು. ಅದನ್ನು ನಾನು ನನ್ನ ಗಟ್ಟಿತನ ಎಂದೇ ತಿಳಿದಿದ್ದೆ. ನಾಲ್ಕು ಅಕ್ಷರ ಕಲಿತು ಪಗಾರದ ನೌಕರಿ ಹಿಡಿದವಳಿಗೆ ಜನ ಕೊಡುವ ರಿಯಾಯಿತಿ ಅದು ಎಂದು ಹೊಳೆಯಲೇ ಇಲ್ಲ.

ಬಸ್ಸಿನಲ್ಲಿ ಸಣ್ಣ ವಹಿಯೊಂದರಲ್ಲಿ ಅವಳನ್ನು ಬರೆದುಕೊಂಡೆ. ಕೇಳಿಯೇ ಬರೆದೆ. ಅವಳು ನಾಚಿ, ಸೆರಗು ಸರಿಮಾಡಿಕೊಂಡು ಕೂತಳು. ಬರೆದದ್ದನ್ನು ತೋರಿಸಿದಾಗ “ಮೂಗ ಉದ್ದ ಮಾಡೀರಲ್ರಿ” ಎಂದು ನಕ್ಕಳು. ಆಮೇಲೆ ಬೆರಳಿಟ್ಟು ಹೇಳಿದಳು: “ಕುಂಕಮ ಇನ್ನಾ ದೊಡ್ಡದ ತಗೀರಿ. ಕಾಣಬೇಕು.”

ದೊಡ್ಡದು ಮಾಡಿದೆ. ವಹಿಯಲ್ಲಿ ಮಾಡಿದೆ.

ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೊರೆಯುವ ಕೆಲಸ ನೋಡದವರಿಗೆ ಒಂದು ಮಾತು. ಉಳಿಯಿಂದ ಕೊರೆದು ತೆಗೆದ ಜಾಗ ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಕೊರೆಯದೆ ಬಿಟ್ಟ ಜಾಗಕ್ಕೆ ಶಾಯಿ ಹತ್ತಿ ಕಪ್ಪಾಗುತ್ತದೆ. ಸಂಜೆಯ ಬಸ್ಸನ್ನು ಕೊರೆಯಲು ಕೂತಿದ್ದೆ. ಮೇಲಿನ ಕಂಬಿಗೆ ಜೋತ ಕೈಗಳು, ಕಿಟಕಿಯ ಗಾಜಿನಲ್ಲಿ ವಿಶ್ರಾಮಬಾಗದ ಅಂಗಡಿಗಳ ದೀಪ, ಒಂದರ ಮೇಲೊಂದು ಒರಗಿದ ಮೈಗಳು, ಎಲ್ಲ ಕಪ್ಪು. ನಡುವೆ ಕಿಟಕಿಯ ಹತ್ತಿರ ಅವಳ ಮುಖ ಬಿಳಿ. ಮುಖವನ್ನೆಲ್ಲ ಕೊರೆದು ತೆಗೆದು, ಕಣ್ಣು ಮೂಗಿನ ಗೆರೆಗಳನ್ನೂ ಹಣೆಯ ಮೇಲೆ ಒಂದು ಚುಕ್ಕಿಯನ್ನೂ ಮಾತ್ರ ಕೊರೆಯದೆ ಉಳಿಸಬೇಕಿತ್ತು. ಭಾನುವಾರ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಆ ಚುಕ್ಕಿಯ ಸುತ್ತ ಉಳಿ ಓಡಿಸುತ್ತಿದ್ದೆ. ಉಳಿ ಜಾರಿತು. ಚುಕ್ಕಿ ಎದ್ದು ಹೋಯಿತು.

ಬಾಯಿಗೆ ಬಂದದ್ದು ಬೈದುಕೊಂಡೆ. ಆದದ್ದು ಆಗಲಿ ಎಂದು ಶಾಯಿ ಹಚ್ಚಿ, ಕಾಗದ ಹಾಸಿ, ಸ್ಟೀಲಿನ ಚಮಚದ ಬೆನ್ನಿನಿಂದ ಉಜ್ಜಿ ಎತ್ತಿದೆ. ಎತ್ತಿ ನೋಡಿ ಬೆರಗಾದೆ. ಅಷ್ಟು ಕತ್ತಲೆಯ ನಡುವೆ ಆ ಮುಖ ದೀಪ ಹಚ್ಚಿಟ್ಟ ಹಾಗಿತ್ತು. ಎಲ್ಲಿಯೂ ಕಣ್ಣು ತಡೆಯುತ್ತಿರಲಿಲ್ಲ. ಮಾಲೆಯ ಬೇರೆ ಐದು ಚಿತ್ರಗಳಲ್ಲಿ ಇಲ್ಲದ್ದೇನೋ ಇದರಲ್ಲಿ ಬಂದಿತ್ತು. ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟು ಅದರ ಮುಂದೆಯೇ ಚಹಾ ಕುಡಿದೆ.

ಅವ್ವ ಬಂದು ನೋಡಿದಳು. “ಹಣಿ ಖಾಲಿ ಬಿಟ್ಟೀಯಲ್ಲ? ಗಂಡುಳ್ಳ ಹೆಣ್ಮಗಳು ಅಂದಿದ್ದಿ” ಎಂದಳು.

“ಅವ್ವಾ, ಇದು ಚಿತ್ರ. ಮದುವಿ ಫೋಟೋ ಅಲ್ಲ.”

“ಯಾರದರ ಹಣಿ ಹಿಂಗ ಅಳಸಬಾರದು” ಎಂದು ಅವಳು ಅಕ್ಕಿ ಆರಿಸಲು ಹೋದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿಪಡಿಸಲು ಬರುತ್ತಿತ್ತು. ಲಿನೋದ ಒಂದು ಚೂರನ್ನು ದುಂಡಗೆ ಕತ್ತರಿಸಿ, ಆ ಜಾಗಕ್ಕೆ ಅಂಟು ಹಾಕಿ ಕೂರಿಸಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ. ಶಾಲೆಯ ಮಕ್ಕಳಿಗೆ ಎಷ್ಟು ಸಲ ಮಾಡಿ ತೋರಿಸಿದ್ದೇನೆ. ಮಾಡಲಿಲ್ಲ. ಇಪ್ಪತ್ತು ಪ್ರತಿ ಎತ್ತಿದೆ. ಎಲ್ಲದರ ಕೆಳಗೂ ಸಹಿ ಹಾಕಿದೆ.

ಸಾಂಗಲಿಯಲ್ಲಿ ಪ್ರದರ್ಶನ ಇಟ್ಟಾಗ ಜನ ಆ ಚಿತ್ರದ ಮುಂದೆಯೇ ನಿಂತರು. ಒಬ್ಬ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, ಈ ಹೆಣ್ಣುಮಗಳ ಒಂಟಿತನವನ್ನು ಎಷ್ಟು ಚೆನ್ನಾಗಿ ಹಿಡಿದಿದ್ದೀರಿ, ಗಂಡ ಹೋಗಿ ಎಷ್ಟು ದಿನ ಆಯಿತೋ ಪಾಪ ಎಂದು ಮರಾಠಿಯಲ್ಲಿ ಹೇಳಿದರು. ನಾನು ತಲೆ ಆಡಿಸಿದೆ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಹೊಗಳಿಕೆ ಸಿಗುವಾಗ ತಿದ್ದುವ ಚಟ ನನಗಿಲ್ಲ.

ಅಲ್ಲಿಗೆ ಬಂದಿದ್ದ ಒಂದು ಪತಸಂಸ್ಥೆಯವರು, ಅಂದರೆ ಸಾಲ ಕೊಡುವ ಸಹಕಾರಿ ಸಂಘದವರು, ಆರೂ ಚಿತ್ರಗಳನ್ನು ಹೊಸ ವರ್ಷದ ಕ್ಯಾಲೆಂಡರಿಗೆ ಕೇಳಿದರು. ಎರಡೆರಡು ತಿಂಗಳಿಗೆ ಒಂದು. ಮೊದಲನೆಯ ಹಾಳೆಗೆ ಅವಳನ್ನೇ ಹಾಕಿ ಎಂದು ನಾನೇ ಹೇಳಿದೆ. ಜನವರಿ ಬರುವ ಹೊತ್ತಿಗೆ ಮಿರಜದ ಚಹಾದಂಗಡಿ, ಕಿರಾಣಿ, ಔಷಧದಂಗಡಿ, ಎಲ್ಲಿ ನೋಡಿದರೂ ಅವಳು. ನನ್ನ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನಲ್ಲಿ ಅವಳಿಗೆ ತೋರಿಸಬೇಕು ಎಂದು ಚೀಲದಲ್ಲಿ ಒಂದು ಕ್ಯಾಲೆಂಡರ್ ಇಟ್ಟುಕೊಂಡು ತಿರುಗಿದೆ. ಮೂರು ದಿನ ಅವಳು ಬಸ್ಸಿಗೆ ಬರಲಿಲ್ಲ.

ನಾಲ್ಕನೆಯ ದಿನ ಸ್ಟಾಪಿನಲ್ಲಿ ನಿಂತಿದ್ದಳು. ಕೈಯಲ್ಲಿ ಸುರುಳಿ ಸುತ್ತಿದ ಅದೇ ಕ್ಯಾಲೆಂಡರ್. ಬಸ್ಸು ಬಂದರೂ ಹತ್ತಲಿಲ್ಲ, ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದಳು.

“ನಿಮಗ ಯಾರ ಹೇಳಿದ್ರಿ, ಅಕ್ಕಾರ?”

“ಏನು?”

“ಅವರ ಸುದ್ದಿ.”

ನನಗೆ ತಿಳಿಯಲಿಲ್ಲ. ಅವಳು ಕ್ಯಾಲೆಂಡರ್ ಬಿಚ್ಚಿ ಹಣೆಯ ಜಾಗಕ್ಕೆ ಬೆರಳಿಟ್ಟಳು. “ನೀವು ಪೇಪರ್ ಓದಾವ್ರು. ನಿಮಗ ಗೊತ್ತಾಗಿರಬೇಕು. ಎದುರಾ ಎದುರ ಹೇಳಾಕ ಆಗದ ಚಿತ್ರದಾಗ ಹಿಂಗ ತಗದಾರ ಅಂತ ನಮ್ಮ ವಸ್ತ್ಯಾಗ ಎಲ್ಲಾರೂ ಅನ್ನಾಕತ್ತಾರ್ರಿ. ಅತ್ತಿ ಊಟ ಬಿಟ್ಟಾಳ. ಬಳಿ ಒಡಿ, ಕುಂಕಮ ಒರಸು ಅಂತ ಮೂರ ದಿನಾತು ಹಟಾ ಹಿಡದಾಳ. ಖರೆ ಹೇಳ್ರಿ. ಎಲ್ಲಿ ಸಿಕ್ಕರ್ರಿ ಅವರು? ಆಸ್ಪತ್ರ್ಯಾಗೇನ್ರಿ?”

ಒಂದು ಚುಕ್ಕಿ ಬಿಟ್ಟು ಹೋದರೆ ಅವಳ ಮನೆಯವರೇ ಅದನ್ನು ನಿಜವಾದ ಸಾವಿನ ಸುದ್ದಿ ಎಂದು ಓದುತ್ತಾರೆ ಎನ್ನುವುದು ನನ್ನ ಬೋಳು ಹಣೆಗೆ ಹೊಳೆದೇ ಇರಲಿಲ್ಲ. ಗಡಬಡಿಸಿ ಹೇಳಿದೆ: “ಇಲ್ಲವ್ವಾ, ನನಗೇನೂ ಗೊತ್ತಿಲ್ಲ. ಕೈ ಜಾರಿತು. ಉಳಿ ಜಾರಿ ಚುಕ್ಕಿ ಹೋತು. ಅಷ್ಟ.”

“ಅಷ್ಟೇನ್ರಿ?”

“ಅಷ್ಟ.”

ಅವಳು ಅಲ್ಲಿಯೇ ಕಟ್ಟೆಯ ಮೇಲೆ ಕುಸಿದು ಕೂತಳು. ಅತ್ತಳು, ನಕ್ಕಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕೈಯನ್ನು ತೆಗೆದುಕೊಂಡು ತಿರುಗಿಸಿ ನೋಡಿ, “ಜಾಸ್ತಿ ತಗಲ್ತೇನ್ರಿ?” ಎಂದು ಕೇಳಿದಳು. ನನಗೆ ಎಲ್ಲಿಯೂ ತಗುಲಿರಲಿಲ್ಲ. ಇಲ್ಲ ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ. ಮರುದಿನ ಗೋದಾಮಿನಿಂದ ಒಂದು ಪೊಟ್ಟಣ ಅರಿಶಿನ ತಂದು ಕೊಟ್ಟಳು. “ಗಾಯಕ್ಕ ಛಲೋರಿ, ಎಣ್ಯಾಗ ಕಲಿಸಿ ಹಚ್ರಿ. ನಿಮ್ಮ ಕೆಲಸದಾಗ ಕೈನ ಎಲ್ಲಾ” ಎಂದಳು. ಪೊಟ್ಟಣವನ್ನು ಅವ್ವನ ಕೈಗೆ ಕೊಟ್ಟೆ. ಎಲ್ಲಿಯದು ಎಂದು ಅವ್ವ ಕೇಳಿದಳು. ಹೇಳಿದೆ. ಅವಳು ನನ್ನನ್ನು ಒಂದು ಸಲ ನೋಡಿ ಡಬ್ಬಿಗೆ ಸುರಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಕ್ಕಿಂತ ಕಷ್ಟದ್ದು ಆಮೇಲೆ ಶುರುವಾಯಿತು. ಅವಳು ನನ್ನ ಪರವಾಗಿ ಊರಿಗೆಲ್ಲ ಹೇಳತೊಡಗಿದಳು. ಬಸ್ಸಿನಲ್ಲಿ ಯಾರಾದರೂ ಅವಳ ಮುಖ ಗುರುತು ಹಿಡಿದು ಪಿಸುಗುಟ್ಟಿದರೆ ಸಾಕು, ತಿರುಗಿ, ಅಕ್ಕಾರ ಕೈ ಜಾರೈತ್ರಿ, ಪಾಪ, ಅವರದೇನ ತಪ್ಪು ಎಂದು ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೇಳುವಳು. ನನ್ನ ಅರ್ಧ ಸುಳ್ಳು ಅವಳ ಬಾಯಲ್ಲಿ ಪೂರ್ತಿ ಸತ್ಯವಾಗಿ ಬರುತ್ತಿತ್ತು. ನಾನು ಕಿಟಕಿಯಿಂದ ಹೊರಗೆ ನೋಡುತ್ತ ಕೂರುತ್ತಿದ್ದೆ.

ಏನಾದರೂ ಮಾಡಬೇಕಲ್ಲ. ಒಂದು ಕೆಂಪು ಸ್ಕೆಚ್ ಪೆನ್ನು ತೆಗೆದುಕೊಂಡು ಅವಳ ವಸ್ತಿಯ ಹತ್ತಿರದ ಅಂಗಡಿಗಳಿಗೆ ಹೋದೆ. ಚಹಾ ಹೇಳಿ, ಯಾರೂ ನೋಡದಾಗ ಎದ್ದು ಕ್ಯಾಲೆಂಡರಿನ ಹಣೆಗೆ ಚುಕ್ಕಿ ಇಡುವುದು. ನಲವತ್ತು ದಾಟಿದ ಟೀಚರಿಗೆ ಒಪ್ಪುವ ಕೆಲಸವಲ್ಲ. ಒಂದು ಕಡೆ ಅಂಗಡಿಯವನು ಸೌಟು ಹಿಡಿದುಕೊಂಡೇ ಓಡಿ ಬಂದ. “ಅಹೋ ಮ್ಯಾಡಮ್, ಕ್ಯಾಲೆಂಡರ್ ಕಶಾಲಾ ಖರಾಬ್ ಕರತಾ?” ಎಂದು ಎಲ್ಲರ ಮುಂದೆ ಕೇಳಿದ. ಕ್ಯಾಲೆಂಡರ್ ಯಾಕೆ ಕೆಡಿಸುತ್ತೀರಿ ಎಂದರೆ ಏನು ಹೇಳಲಿ? ಚಿತ್ರ ನನ್ನದೇ ಎಂದೆ. ಅವನು ನಂಬಲಿಲ್ಲ. ನಾಚಿಕೆಯಿಂದ ಹೊರಗೆ ಬಂದೆ. ಆದರೆ ನನಗೆ ಮುಖ ಎತ್ತಲಾಗದ ಹಾಗೆ ಮಾಡಿದ್ದು ಅವನ ಮಾತಲ್ಲ. ಅಂಗಡಿಯಿಂದ ಅಂಗಡಿಗೆ ಚುಕ್ಕಿ ಇಡುತ್ತ ಹೋದಾಗಲೂ ಒಳಗೊಳಗೇ, ಅಯ್ಯೋ ಚಿತ್ರ ಕೆಟ್ಟಿತಲ್ಲ ಎಂದು ನನಗೆ ಅನಿಸುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಅವಳು ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು. ಅತ್ತೆ ಇನ್ನೂ ನಂಬಿಲ್ಲ. ಸೊಸೆ ಬಳೆ ಉಳಿಸಿಕೊಳ್ಳಲು ಕತೆ ಕಟ್ಟಿದ್ದಾಳೆ ಎನ್ನುತ್ತಾಳೆ. ಊರಿಗೆ ಫೋನು ಮಾಡಿಸಿ ಮಗನ ಉತ್ತರಕ್ರಿಯೆಯ ದಿನ ಮಾಡುವ ಮಾತು ಎತ್ತಿದ್ದಾಳೆ. “ಟೀಚರ್ ಬಾಯೀಲೇ ಕೇಳಬೇಕಂತ್ರಿ. ಭಂಡಾರ ಹಿಡದ ಹೇಳಿದ್ರ ನಂಬತಾಳಂತ. ಒಂದ ಸಲ ಬರ್ತೀರೇನ್ರಿ ಮನಿಗಿ?”

ಭಂಡಾರವೆಂದರೆ ದೇವರ ಮುಂದಿನ ಅರಿಶಿನಪುಡಿ. ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತು ಸುಳ್ಳಾಗಬಾರದು ಎಂಬುದು ಈ ಕಡೆಯ ನಡಾವಳಿ. ನಾವು ಜೈನರು, ಅದು ನಮ್ಮ ಮನೆಯ ಪದ್ಧತಿಯಲ್ಲ. ಆದರೂ ಈ ಊರಿನಲ್ಲಿ ಬೆಳೆದವರಿಗೆ ಅದರ ಅಂಜಿಕೆ ಇದ್ದೇ ಇರುತ್ತದೆ. ಬರುತ್ತೇನೆ ಎಂದೆ. ಗಂಡನ ಸುದ್ದಿ ನನಗೆ ಗೊತ್ತಿಲ್ಲ, ಅದು ಸತ್ಯ. ಉಳಿ ಜಾರಿತು, ಅದೂ ಸತ್ಯ. ಆಣೆ ಮಾಡಲು ಇಷ್ಟು ಸಾಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಹೋದೆ. ತಗಡಿನ ಮನೆ, ಒಳಗೆ ಒಪ್ಪವಾಗಿತ್ತು. ಮೂಲೆಯ ದೇವರ ಗೂಡಿನಲ್ಲಿ ದೀಪ ಹಚ್ಚಿದ್ದರು. ಮುದುಕಿ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಹಿತ್ತಾಳೆಯ ಬಟ್ಟಲಿನಿಂದ ಒಂದು ಮುಷ್ಟಿ ಭಂಡಾರವನ್ನು ನನ್ನ ಅಂಗೈಗೆ ಹಾಕಿದಳು. ಸೊಸೆ ಬಾಗಿಲ ಹತ್ತಿರ ನಿಂತಿದ್ದಳು.

“ನನ್ನ ಮಗನ ಸುದ್ದಿ ನಿನಗೇನರ ಗೊತ್ತೈತೇನವಾ?”

“ಇಲ್ರಿ. ಏನೂ ಗೊತ್ತಿಲ್ಲ.”

“ಮತ್ತ ನನ್ನ ಸೊಸಿ ಹಣಿ ಯಾಕ ಬೋಳ ಮಾಡಿದಿ?”

“ಕೈ ಜಾರಿತ್ರಿ, ಅಮ್ಮಾ.”

ಮುದುಕಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಬಾಗಿಲ ಹತ್ತಿರದಿಂದ “ನಾ ಹೇಳಿದ್ನಿಲ್ಲ? ಅಕ್ಕಾರದೇನೂ ತಪ್ಪಿಲ್ಲ” ಎಂಬ ಮಾತು ಬಂತು. ಮುದುಕಿ ಭಂಡಾರವನ್ನು ವಾಪಸು ತೆಗೆದುಕೊಳ್ಳಲು ಬಟ್ಟಲು ಮುಂದೆ ಹಿಡಿದಳು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ತಪ್ಪಿಲ್ಲ ಎಂಬ ಆ ಮಾತನ್ನು ನನಗೆ ಇನ್ನೊಂದು ಸಲ ಕೇಳಲಾಗಲಿಲ್ಲ.

“ಜಾರಿದ್ದು ಖರೆ” ಎಂದೆ. “ಆದ್ರ ಜಾರಿದ್ದು ಆವಾಗಲೇ ನೋಡಿದ್ದೆ. ಸರಿ ಮಾಡಾಕ ಬರತಿತ್ತು. ಮಾಡ್ಲಿಲ್ಲ.”

ಮುದುಕಿಗೆ ಅದು ಬೇಕಾಗಿರಲಿಲ್ಲ. “ಹೋಗ್ಲಿ ಬಿಡವಾ. ಸುದ್ದಿ ಅಲ್ಲಲ್ಲ, ಸಾಕು. ನನ್ನ ಮಗಾ ಇದ್ದಾನ” ಎಂದು ಎದ್ದು, ಸೊಸೆಯ ಬಳೆಗಳನ್ನು ಎರಡೂ ಕೈಯಿಂದ ಸವರಿ, ದೇವರ ಮುಂದೆ ಅಡ್ಡಬಿದ್ದಳು. ಇನ್ನು ಮೇಲೆ ಯಾರೂ ಅವಳಿಗೆ ಬಳೆ ಒಡಿ ಎನ್ನುವ ಹಾಗಿರಲಿಲ್ಲ. ನಾನು ಹೋದ ಕೆಲಸ ಆಗಿತ್ತು.

ಕೇಳಿದ್ದು ಸೊಸೆ. “ಯಾಕ ಮಾಡ್ಲಿಲ್ರಿ?”

ಸುಳ್ಳು ಹೇಳಲು ಬಾರದ ಹಾಗೆ ಕೈಯಲ್ಲಿ ಇನ್ನೂ ಭಂಡಾರ ಇತ್ತು. ಇಲ್ಲದಿದ್ದರೆ ಹೇಳುತ್ತಿದ್ದೆನೋ ಏನೋ. “ಹಂಗ ಛಂದ ಕಾಣ್ತು” ಎಂದೆ.

ಅವಳು ಒಳಗೆ ಹೋಗಿ ಸ್ಟೋವಿನ ಮೇಲೆ ಚಹಾ ಇಟ್ಟಳು. ಕುದಿಯುವ ತನಕ ಅಲ್ಲಿಯೇ ನಿಂತಿದ್ದಳು. ಬಶಿ ಕಪ್ಪು ತಂದು ನನ್ನ ಮುಂದೆ ಇಟ್ಟು, ಎದುರಿಗೆ ಕೂತಳು. ಅವಳಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡುತ್ತಿದ್ದಳು.

“ಮೂರ ವರ್ಷಾತ್ರಿ ಅಕ್ಕಾರ” ಎಂದಳು. ಅತ್ತೆಗೆ ಕೇಳಬಾರದೆಂದು ದನಿ ತಗ್ಗಿಸಿದ್ದಳು. “ಮುಂಜಾನೆ ಕನ್ನಡಿ ಮುಂದ ನಿಂತಾಗ ಒಂದೊಂದ ದಿನಾ ಅನಸ್ತೈತಿ, ಇವತ್ತ ಬಿಡೂಣು, ಯಾರ ಸಲುವಾಗಿ ಹಚ್ಚೂದು ಅಂತ. ಕೈ ಮ್ಯಾಲ ಏಳೂದಿಲ್ರಿ. ಆದ್ರೂ ಎತ್ತಿ ಹಚಗೊಂಡನ ಹೊರಗ ಬರ್ತೇನಿ. ನಿಮಗ ಅದು ಇಲ್ಲದ್ದ ಛಂದ ಕಾಣ್ತು.”

ಅಂಗೈಯ ಭಂಡಾರವನ್ನು ನಾನು ಬಟ್ಟಲಿಗೆ ಸುರಿದೆ. ಕ್ಷಮಿಸು ಎಂಬ ಮಾತು ಬಾಯಿಗೆ ಬಂದಿತ್ತು, ಅದೂ ನನ್ನ ಸಮಾಧಾನಕ್ಕೇ ಆಗುತ್ತದೆ ಅನಿಸಿ ನುಂಗಿಕೊಂಡೆ.

“ಚಾ ಆರತೈತಿ, ಕುಡೀರಿ” ಎಂದಳು. ಕುಡಿದೆ.